ಶಹರದ ಅಗಸಿ: ರೈಲು ನಿಲ್ದಾಣದ ಮುಂದಿನ ಬಯಲು

ನಮ್ಮ ಹಳ್ಳಿಗಳಿಗೆ ಅಗಸಿ ಇರ್ತದ. ಅದರ ಮುಂದೆ ಬೇವಿನ ಗಿಡ, ಗಿಡದ ಸುತ್ತ ಕಟ್ಟೆ. ಬಂದವರು ಅಲ್ಲಿ ಕುಂತು ಬೆವರು ಒರೆಸಿಕೊಂಡು ಊರೊಳಗೆ ಹೋಗ್ತಾರ. ಕಲಬುರಗಿ ಶಹರಕ್ಕೆ ಈಗ ಅಂಥ ಅಗಸಿ ಎಂದರೆ ರೈಲು ನಿಲ್ದಾಣ. 1871ರಲ್ಲಿ ಮುಂಬಯಿ ಕಡೆಯ ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ಕಲಬುರಗಿ ಇರುವುದು ಆ ದಾರಿಯ ಮೇಲೆ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾಯಿತು. ಅದು ನಮ್ಮ ಕಮಲಾಪುರದ ಮೇಲೆ ಹಾದು ಹೋಗುತ್ತದೆ. ಅಂದಮೇಲೆ ಆ ಅಗಸಿ ನಮ್ಮದೂ ಹೌದು.

ನಿಲ್ದಾಣದ ಮುಂದಿನ ಬಯಲು ಸಂತೆಯ ಹಾಗಲ್ಲ. ಸಂತೆಗೆ ಜನ ದಿನವಿಡೀ ಬರ್ತಾರ. ಇಲ್ಲಿ ಗಾಡಿ ಬಂದರೆ ಐದು ನಿಮಿಷದಲ್ಲಿ ಎಲ್ಲರೂ ಒಮ್ಮೆಲೇ ಹೊರಗೆ, ಆಮೇಲೆ ಖಾಲಿ. 400 ಜನ ಇಳಿದರು ಅಂತ ಇಟ್ಟುಕೊಳ್ಳಿ. ಗಂಟುಮೂಟೆ ಸಹಿತ ತಲೆಗೆ 2 ಚದರ ಮೀಟರ್ ಹಿಡಿದರೆ 800 ಚದರ ಮೀಟರ್ ಬೇಕು. ಒಂದು ಕಾರು ನಿಲ್ಲಲು ಸುಮಾರು 12.5 ಚದರ ಮೀಟರ್. ಅಂದರೆ 400 ಜನರ ಜಾಗವನ್ನು 64 ಕಾರು ನುಂಗಿಬಿಡ್ತಾವ! ಅದಕ್ಕೇ ಬಾಗಿಲ ಎದುರು ನಡೆಯುವವರು, ಅವರ ಆಚೆ ಸಿಟಿ ಬಸ್ಸು ಮತ್ತು ಆಟೋ, ಎಲ್ಲಕ್ಕಿಂತ ದೂರ ಕಾರು. ಕಾರಿನವರಿಗೆ ಸಿಟ್ಟು ಬಂದರೆ ಬರಲಿ.

ಇನ್ನು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ನಮಗೇನು ಹೊಸದಲ್ಲ. ಶಹಾಬಾದಿನ ಪರಸಿ ಹಾಸಿದರೆ ಬಯಲು ಚಂದ ಕಾಣ್ತದ, ಆದರೆ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಬೇವು, ಹೊಂಗೆಯ ನೆರಳು ಬೇಕೇ ಬೇಕು. ಗಿಡದ ಬುಡದ ತನಕ ಕಲ್ಲು ಒತ್ತಬಾರದು, ಬೇರಿಗೆ ನೀರು ಇಳಿಯಲ್ಲ.

ಮಳೆಯ ಲೆಕ್ಕ ಗುರುಗಳು ಹೇಳಿದ್ದೇ: 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 5,000 ಚದರ ಮೀಟರ್ ಬಯಲಿಗೆ 50 ಮಿ.ಮೀ. ಬಿದ್ದರೆ 2,50,000 ಲೀಟರ್. ಇಳಿಜಾರು, ಚರಂಡಿ ಇಲ್ಲದಿದ್ದರೆ ಅಗಸಿ ಹೋಗಿ ಕೆರೆ ಆಗ್ತದ.

ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೆ ದಾರಿ ಬೇಕು. ಒಂದು ಗೇಣು ಎತ್ತರಕ್ಕೆ ಹನ್ನೆರಡು ಗೇಣು ಉದ್ದ. ದವಾಖಾನೆಗೆ ಹೋಗುವ ಮುದುಕರಿಗೂ ಅದೇ ದಾರಿ.

ನಕ್ಷೆ ಬರೆಯುವವರು ಮರೆಯುವುದು ಬುಟ್ಟಿಯವರನ್ನು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಆ ಹಣ್ಣು ಮಾರುವ ಹೆಣ್ಣುಮಗಳಿಗೆ ನಕ್ಷೆಯಲ್ಲಿ ಜಾಗದ ಗುರುತು ಇಲ್ಲದಿದ್ದರೆ, ಬಯಲು ಹೊಸದಾದ ಮರುದಿನವೇ ಅವಳನ್ನು ಎಬ್ಬಿಸ್ತಾರ. ನಡೆಯುವವರಿಗೆ ಅಡ್ಡ ಬಾರದಂತೆ ಗಿಡಗಳ ಕೆಳಗೆ ಹತ್ತು ಕಟ್ಟೆ ಬಿಟ್ಟರೆ ಸಾಕು.

ನೀವೂ ಗಣಿತದ ವಹಿಯಲ್ಲಿ 100 ಮೀಟರ್ ಉದ್ದ, 50 ಮೀಟರ್ ಅಗಲದ ಬಯಲು ಬರೆದು ತನ್ನಿ. ಬುಟ್ಟಿಯ ಜಾಗ ಮೊದಲು ಹಾಕಿ. ಚಲೋ ನಕ್ಷೆಗಳನ್ನು ಇದೇ ಗೋಡೆಗೆ ಅಂಟಿಸ್ತೀವಿ.