ಹಳೇ ಕಾರು ಕಲಿಸುವ ಪಾಠ



ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ‘ಪಯಣ’ ಎಂಬ ಕಾರುಗಳ ಸಂಗ್ರಹಾಲಯವಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೇ ವಾಹನಗಳು ಅಲ್ಲಿವೆ. 2023ರಲ್ಲಿ ಅದು ಪ್ರಾರಂಭವಾಯಿತು. ಕಾರು ಅಂದರೆ ಊಟ ಬಿಟ್ಟು ಓಡುವವನು ನಾನು, ಹೋಗಿ ನೋಡಿಕೊಂಡು ಬಂದೆ. ಬಣ್ಣ, ಹೊಳಪು ನೋಡಿ ‘ಅಬ್ಬಾ!’ ಅಂತ ಮುಂದಕ್ಕೆ ಹೋಗುವವರೇ ಜಾಸ್ತಿ. ಆದರೆ ಕಾರಿನ ಒಂದೊಂದು ಭಾಗವೂ ಒಂದೊಂದು ತೊಂದರೆಗೆ ಮನುಷ್ಯ ಹುಡುಕಿದ ಉತ್ತರ. ಹಳೇ ಕಾರಿನ ಮುಂದೆ ನಿಂತಾಗ ಏನೇನು ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ.

1. ಚಕ್ರ: ಮೊದಮೊದಲ ಕಾರುಗಳ ಚಕ್ರಕ್ಕೆ ನಮ್ಮ ಎತ್ತಿನ ಗಾಡಿಯ ಹಾಗೆ ಮರದ ಅರಗಳೇ ಇದ್ದವು. ಗಾಡಿಗೆ ಕಬ್ಬಿಣದ ಪಟ್ಟಿ, ಕಾರಿಗೆ ಗಾಳಿ ತುಂಬಿದ ರಬ್ಬರ್ ಟೈರು, ಅಷ್ಟೇ ವ್ಯತ್ಯಾಸ. ಅಮೆರಿಕದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರು ಹೀಗೇ ಇತ್ತು. 1908ರಿಂದ 1927ರವರೆಗೆ ಅಂಥ ಒಂದೂವರೆ ಕೋಟಿ ಕಾರುಗಳು ತಯಾರಾದವು.

2. ಪೆಟ್ರೋಲ್ ಟ್ಯಾಂಕು: ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕು ಸೀಟಿನ ಕೆಳಗಿತ್ತು. ಪೆಟ್ರೋಲ್ ಪಂಪು ಇರಲಿಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ನಲ್ಲಿಗೆ ನೀರು ಬರುವ ಹಾಗೆ ಪೆಟ್ರೋಲ್ ತಾನಾಗಿ ಇಳಿದು ಎಂಜಿನ್ನಿಗೆ ಹೋಗುತ್ತಿತ್ತು. ಕಡಿದಾದ ದಿಬ್ಬ ಹತ್ತುವಾಗ ಎಂಜಿನ್ ಮೇಲೆ, ಟ್ಯಾಂಕು ಕೆಳಗೆ! ಪೆಟ್ರೋಲ್ ಕಡಿಮೆ ಇದ್ದರೆ ಕಾರು ನಿಂತೇ ಹೋಗುತ್ತಿತ್ತು. ಆಗ ಡ್ರೈವರ್ ಏನು ಮಾಡ್ತಿದ್ದ ಗೊತ್ತೇ? ಕಾರು ತಿರುಗಿಸಿ ರಿವರ್ಸಿನಲ್ಲೇ ದಿಬ್ಬ ಹತ್ತಿಸುತ್ತಿದ್ದ.

3. ಹ್ಯಾಂಡಲ್: ಹಳೇ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹಾಕಿ ತಿರುಗಿಸುವುದನ್ನು ನೀವು ನೋಡಿರಬಹುದು. ಕಾರುಗಳಿಗೂ ಮುಂಭಾಗದಲ್ಲಿ ಅದೇ ಇತ್ತು. ಸ್ಪಾರ್ಕ್ ಬೇಗ ಬಿದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಪೆಟ್ರೋಲ್ ಆವಿ ಹೊತ್ತಿ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತಿತ್ತು. ಎಷ್ಟೋ ಜನರ ಮಣಿಕಟ್ಟು ಮುರಿಯಿತು. ಅದಕ್ಕೇ ಅನುಭವಸ್ಥರು ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತುತ್ತಿರಲಿಲ್ಲ, ಉಳಿದ ಬೆರಳುಗಳ ಜೊತೆಗೇ ಇಟ್ಟು ಹಿಡಿಯುತ್ತಿದ್ದರು. ಚಾರ್ಲ್ಸ್ ಕೆಟರಿಂಗ್ ಎಂಬುವರು ಕಂಡುಹಿಡಿದ ಬ್ಯಾಟರಿ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಕೈಗಳು ಉಳಿದವು.

4. ಪುಟ್ಟ ಕೈ: ಕೆಲವು ಹಳೇ ಕಾರುಗಳಲ್ಲಿ ಮಿಣುಕುವ ಇಂಡಿಕೇಟರ್ ಇಲ್ಲ. ತಿರುಗಬೇಕಾದ ಕಡೆ ಬಾಗಿಲ ಪಕ್ಕದಿಂದ, ರೈಲಿನ ಕೈಕಂಬದ ಹಾಗೆ ಒಂದು ಪುಟ್ಟ ಕೈ ಹೊರಗೆ ಬರುತ್ತಿತ್ತು.

5. ಇಲ್ಲದೇ ಇರುವ ವಸ್ತು: ಇದು ಎಲ್ಲಕ್ಕಿಂತ ಮುಖ್ಯ. ಆ ಚೆಂದದ ಸೀಟುಗಳಲ್ಲಿ ಬೆಲ್ಟ್ ಹುಡುಕಿ ನೋಡಿ, ಇರುವುದಿಲ್ಲ. ಡಿಕ್ಕಿಯಾದಾಗ ಕಾರು ನಿಲ್ಲುತ್ತದೆ, ಆದರೆ ಒಳಗಿರುವ ನಾವು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತೇವೆ. ಇದೇ ನ್ಯೂಟನ್ನನ ಮೊದಲ ನಿಯಮ. ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಈಗಿನ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. 1959ರಲ್ಲಿ ಅದು ಕಾರಿಗೆ ಬಂತು. ಬೇರೆ ಕಂಪನಿಗಳೂ ಅದನ್ನು ಬಳಸಿಕೊಳ್ಳಲು ವೋಲ್ವೋ ಬಿಟ್ಟುಕೊಟ್ಟಿತು.

ಶಿರಾ ಮೇಲೆ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ನಮಗೆ ದೂರವೇನಲ್ಲ. ಮದುವೆಗೋ ಜಾತ್ರೆಗೋ ಕಾರು ಹತ್ತಿದಾಗ, ಹಿಂದಿನ ಸೀಟಾದರೂ ಸರಿ, ಬೆಲ್ಟ್ ಎಳೆದು ಹಾಕಿಕೊಳ್ಳಿ. ದೊಡ್ಡವರು ‘ಇಲ್ಲೇ ಹತ್ತಿರ, ಯಾಕೆ?’ ಅಂದರೆ ನ್ಯೂಟನ್ನನ ನಿಯಮ ಹೇಳಿ.

ಪ್ರಶ್ನೆ: ಬಸ್ಸು ಗಕ್ಕನೆ ನಿಂತರೆ ಮುಂದಕ್ಕೆ ಬಾಗುತ್ತೇವೆ. ಗಕ್ಕನೆ ಹೊರಟರೆ ಎತ್ತ ಬಾಗುತ್ತೇವೆ? ಯಾಕೆ? ಉತ್ತರ ಬರೆದು ವಿಜ್ಞಾನದ ಮೇಷ್ಟ್ರಿಗೆ ಕೊಡಿ.