ಗುಂಗುರುಗೂದಲಿನ ಬೆಕ್ಕೂ ಬೀಜದ ಹೋರಿಯ ಆಯ್ಕೆಯೂ

ದನಕರುಗಳನ್ನೂ ಕುರಿಗಳನ್ನೂ ಸಾಕುವ ಗೃಹಸ್ಥರು, “ಹೋರಿಯೂ ಲಕ್ಷಣವಾಗಿದೆ, ಹಸುವೂ ಲಕ್ಷಣವಾಗಿದೆ, ಕರು ಮಾತ್ರ ಹೀಗೇಕೆ ಹುಟ್ಟಿತು?” ಎಂದು ಪ್ರಶ್ನೆಮಾಡುವುದುಂಟು. ಕೆಲವರು ಇದಕ್ಕೆ ಗ್ರಹಚಾರವೆನ್ನುವರು. ಕೆಲವರು ಮೇವಿನ ಮೇಲೆ ತಪ್ಪು ಹೊರಿಸುವರು. ಮೇವಿನ ಕೊರತೆಯಿಂದಲೂ ರೋಗದಿಂದಲೂ ಆಗುವ ಕೇಡು ಒಂದು ಬಗೆ. ತಂದೆತಾಯಿಗಳಿಬ್ಬರಲ್ಲಿಯೂ ಕಣ್ಣಿಗೆ ಕಾಣದೆ ಅಡಗಿದ್ದ ಗುಣವು ಸಂತಾನದಲ್ಲಿ ಹೊರಬೀಳುವುದು ಮತ್ತೊಂದು ಬಗೆ. ಈ ಎರಡನೆಯದನ್ನು ತಿಳಿಸುವುದಕ್ಕೆ ದನಕ್ಕಿಂತಲೂ ಬೆಕ್ಕು ಅನುಕೂಲವಾದ ಪ್ರಾಣಿ. ಬೆಕ್ಕಿನ ಗರ್ಭವು ಸುಮಾರು 65 ದಿವಸಗಳದು. ಒಂದು ಸೂಲಿಗೆ ನಾಲ್ಕೈದು ಮರಿಗಳು ಹುಟ್ಟುವುವು. ಹೆಣ್ಣುಮರಿಯು ವರ್ಷದೊಳಗೇ ತಾನು ತಾಯಿಯಾಗಬಲ್ಲದು. ದನಗಳಲ್ಲಿ ಹತ್ತು ಹನ್ನೆರಡು ವರ್ಷ ಕಾದು ನೋಡಬೇಕಾದ ಸಂಗತಿಯು ಬೆಕ್ಕಿನಲ್ಲಿ ಎರಡು ಮೂರು ವರ್ಷಗಳೊಳಗೆ ಕಾಣಬರುವುದು. ಆದಕಾರಣ ಪಾಶ್ಚಾತ್ಯ ದೇಶಗಳ ಗುಂಗುರುಗೂದಲಿನ ಬೆಕ್ಕುಗಳ ಚರಿತ್ರೆಯನ್ನು ಇಲ್ಲಿ ಬರೆಯುತ್ತೇನೆ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತವಿದೆ. ಅಲ್ಲಿನ ಬಾಡ್ಮಿನ್ ಮೂರ್ ಎಂಬ ಬಯಲುಸೀಮೆಯ ಒಂದು ಹೊಲಮನೆಯಲ್ಲಿ 1950ನೆಯ ಇಸವಿ ಜುಲೈ 21ರಂದು ಸೆರೀನಾ ಎಂಬ ಸಾಧಾರಣ ಬೆಕ್ಕು ಐದು ಮರಿಗಳನ್ನು ಹಾಕಿತು. ನಾಲ್ಕು ಮರಿಗಳ ಕೂದಲು ತಾಯಿಯದರಂತೆ ನೆಟ್ಟಗಿತ್ತು. ಐದನೆಯದಾದ ಒಂದು ಗಂಡುಮರಿಯ ಮೈಕೂದಲು ಮಾತ್ರ ಅಲೆಅಲೆಯಾಗಿ ಸುರುಳಿಗೊಂಡು, ಮೀಸೆಯೂ ಡೊಂಕಾಗಿದ್ದಿತು. ಮನೆಯೊಡತಿಯಾದ ನೀನಾ ಎನ್ನಿಸ್ಮೋರ್ ಎಂಬುವರು ಇದಕ್ಕೆ ಕ್ಯಾಲಿಬಂಕರ್ ಎಂದು ಹೆಸರಿಟ್ಟರು. ಹಿಂದೆ ಮೊಲಗಳನ್ನು ಸಾಕಿ ಅನುಭವವಿದ್ದ ಆಕೆಗೆ, ರೆಕ್ಸ್ ಜಾತಿಯ ಮೊಲಗಳ ತುಪ್ಪುಳಿನ ನೆನಪಾಯಿತು. ಈ ಕಾರಣದಿಂದಲೇ ಇಂಥ ಬೆಕ್ಕುಗಳಿಗೆ ರೆಕ್ಸ್ ಎಂಬ ಹೆಸರು ನಿಂತಿತು. ವಂಶಶಾಸ್ತ್ರಜ್ಞರಾದ ಎ. ಸಿ. ಜೂಡ್ ಎಂಬುವರ ಸಲಹೆಯಂತೆ, ಕ್ಯಾಲಿಬಂಕರನು ಪ್ರಾಯಕ್ಕೆ ಬಂದಮೇಲೆ ಅವನನ್ನು ಹೆತ್ತ ತಾಯಿಯೊಂದಿಗೇ ಕೂಡಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಎರಡಕ್ಕೆ ಗುಂಗುರುಗೂದಲಿತ್ತು.

ತಾಯಿಮಗನನ್ನು ಕೂಡಿಸಿದುದು ಓದುವವರಿಗೆ ಅಸಹ್ಯವಾಗಿ ತೋರಬಹುದು. ಆದರೆ ಅದರ ಫಲಿತಾಂಶದ ಅರ್ಥವನ್ನು ಗಮನಿಸತಕ್ಕದ್ದು. ಪ್ರತಿಯೊಂದು ಪ್ರಾಣಿಯಲ್ಲಿಯೂ ಒಂದೊಂದು ಗುಣಕ್ಕೆ ಎರಡು ವಂಶವಾಹಿಗಳಿರುವುವು. ಒಂದು ತಂದೆಯಿಂದ ಬಂದುದು, ಮತ್ತೊಂದು ತಾಯಿಯಿಂದ ಬಂದುದು. ಕಾರ್ನ್‌ವಾಲಿನ ಗುಂಗುರು ದುರ್ಬಲ ಗುಣ. ಅಂದರೆ, ಎರಡು ಕಡೆಯಿಂದಲೂ ಅದೇ ವಂಶವಾಹಿ ಬಂದಲ್ಲದೆ ಹೊರಗೆ ಕಾಣದು. ಒಂದು ಕಡೆಯಿಂದ ಮಾತ್ರ ಬಂದರೆ ಪ್ರಬಲವಾದ ನೆಟ್ಟಗೂದಲಿನ ಮರೆಯಲ್ಲಿ ಅಡಗಿರುವುದು. ಹೀಗಿರಲಾಗಿ ನೆಟ್ಟಗೂದಲಿನ ಸೆರೀನಾಳಲ್ಲಿ ಆ ಗುಣವು ಬಚ್ಚಿಟ್ಟುಕೊಂಡಿತ್ತೆಂಬುದು ನಿಶ್ಚಯ. ತಂದೆಬೆಕ್ಕು ಯಾವುದಾಗಿದ್ದರೂ ಅದರಲ್ಲಿಯೂ ಇದ್ದಿರಲೇಬೇಕು. ಮರೆಯಲ್ಲಿ ಗುಣವಿರುವ ಎರಡು ಪ್ರಾಣಿಗಳು ಕೂಡಿದರೆ ಸರಾಸರಿಗೆ ನಾಲ್ಕರಲ್ಲಿ ಒಂದು ಮರಿಯಲ್ಲಿ ಅದು ಹೊರಬೀಳುವುದು. ಪ್ರಕಟವಾಗಿರುವ ಪ್ರಾಣಿಯನ್ನು ಮರೆಯಲ್ಲಿಟ್ಟುಕೊಂಡಿರುವ ಪ್ರಾಣಿಯೊಂದಿಗೆ ಕೂಡಿಸಿದರೆ ಅರ್ಧಪಾಲು. ಇದು ಸರಾಸರಿಯ ಮಾತು. ಒಂದೇ ಸೂಲಿನಲ್ಲಿ ಲೆಕ್ಕವು ಕಚ್ಚಿಕೊಂಡೇ ಬರಬೇಕೆಂದಿಲ್ಲ. ನಾಲ್ಕು ಮರಿ ನೋಡಿ “ನಮ್ಮ ಪ್ರಾಣಿಯಲ್ಲಿ ದೋಷವಿಲ್ಲ” ಎಂದು ನಿರ್ಧರಿಸುವವರು ಇದನ್ನು ಮರೆಯಬಾರದು.

ಹೊರಗಿನ ರೂಪವು ಒಂದೇ ಆಗಿದ್ದರೆ ಒಳಗಿನ ಕಾರಣವೂ ಒಂದೇ ಎಂದು ಭಾವಿಸುವುದು ಸಹಜ. ಇದಕ್ಕೆ ಉತ್ತರವು ಹತ್ತೇ ವರ್ಷಗಳಲ್ಲಿ ನೆರೆಯ ಡೆವನ್ ಪ್ರಾಂತದಿಂದ ದೊರೆಯಿತು. ಅಲ್ಲಿನ ಬಕ್‌ಫಾಸ್ಟ್‌ಲೀ ಎಂಬ ಊರಿನ ಬಳಿ, ಪಾಳುಬಿದ್ದ ತವರದ ಗಣಿಯ ಹತ್ತಿರ, ಗುಂಗುರುಗೂದಲಿನ ಒಂದು ಕಾಡಾಡಿ ಗಂಡುಬೆಕ್ಕು ತಿರುಗುತ್ತಿತ್ತು. 1960ರ ಸುಮಾರಿಗೆ ಆ ಪ್ರದೇಶದ ಬೀದಿಬೆಕ್ಕೊಂದು ಕಿರ್ಲೀ ಎಂಬ ಗುಂಗುರುಮರಿಯನ್ನು ಹೆತ್ತಿತು. ಇದೂ ಕ್ಯಾಲಿಬಂಕರನ ಕುಲವೇ ಇರಬೇಕೆಂದೆಣಿಸಿ, ಕಿರ್ಲೀಯನ್ನು ಕಾರ್ನಿಷ್ ಹೆಣ್ಣುಬೆಕ್ಕುಗಳಿಗೆ ಕೂಡಿಸಿದರು. ಗುಂಗುರು ತಂದೆ, ಗುಂಗುರು ತಾಯಿ. ಹುಟ್ಟಿದ ಮರಿಗಳಿಗೆಲ್ಲ ನೆಟ್ಟಗೂದಲು! ಎರಡು ಕುಲಗಳ ಗುಂಗುರು ಬೇರೆ ಬೇರೆ ವಂಶವಾಹಿಗಳದೆಂದು ಇದರಿಂದ ಸಿದ್ಧವಾಯಿತು. ಒಂದರಲ್ಲಿದ್ದ ಕೊರತೆಯನ್ನು ಮತ್ತೊಂದು ತುಂಬಿಕೊಟ್ಟಿತು. ಇದಕ್ಕೆ ಪ್ರತಿಯಾಗಿ, 1951ರಲ್ಲಿ ಬರ್ಲಿನ್ ನಗರದ ಆಸ್ಪತ್ರೆಯೊಂದರ ತೋಟದಲ್ಲಿ ಸಿಕ್ಕಿದ ಗುಂಗುರುಬೆಕ್ಕಿನ ಸಂತಾನವು ಕಾರ್ನಿಷ್ ಕುಲದೊಂದಿಗೆ ಕೂಡಿದಾಗ ಗುಂಗುರುಮರಿಗಳೇ ಆದುವು. ಆ ಬೆಕ್ಕಿಗೆ ಇಟ್ಟಿದ್ದ ಲೆಮ್‌ಷೆನ್ ಎಂಬ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಕುರಿಮರಿಯೆಂದರ್ಥ. ಸಮುದ್ರದಾಚೆಯದು ಒಂದೇ ಗುಣ, ನೆರೆಪ್ರಾಂತದ್ದು ಬೇರೆ ಗುಣ. ಮುಂದೆ ವಂಶವಾಹಿಗಳನ್ನೇ ಓದುವ ವಿದ್ಯೆ ಬಂದಮೇಲೆ ಇದು ಸ್ಥಿರಪಟ್ಟಿತು: ಡೆವನ್ ಗುಂಗುರಿನ ಕಾರಣವು 2010ರಲ್ಲಿಯೂ ಕಾರ್ನಿಷ್ ಗುಂಗುರಿನ ಕಾರಣವು 2013ರಲ್ಲಿಯೂ ಪ್ರಕಟವಾದುವು.

ಎಲ್ಲ ಗುಂಗುರೂ ಹೀಗೆ ಅಡಗಿರುವುದೆಂದು ತಿಳಿಯಬಾರದು. ಅಮೆರಿಕದ ಆರಿಗಾನ್ ಸಂಸ್ಥಾನದ ದಿ ಡ್ಯಾಲ್ಸ್ ಎಂಬಲ್ಲಿ, ಚೆರಿಹಣ್ಣಿನ ತೋಟವೊಂದರ ಕೊಟ್ಟಿಗೆಯಲ್ಲಿ ಇಲಿ ಹಿಡಿಯುತ್ತಿದ್ದ ಬೆಕ್ಕು 1982ರಲ್ಲಿ ಆರು ಮರಿಗಳನ್ನು ಹಾಕಿತು. ಅದರಲ್ಲೊಂದು ಬೋಳುಮೈಯಿನದು. ಕೆಲವು ವಾರಗಳ ಮೇಲೆ ಅದಕ್ಕೆ ಗುಂಗುರುಗೂದಲು ಬೆಳೆಯಿತು. ಯಾರೂ ಆರಿಸಿ ಕೂಡಿಸದೆ ಇದ್ದಾಗ್ಯೂ ಆ ತೋಟದಲ್ಲಿ ವರ್ಷೇವರ್ಷೇ ಗುಂಗುರುಬೆಕ್ಕುಗಳು ಹೆಚ್ಚಿದುವು. ಈಗ ಲಾಪರ್ಮ್ ಎಂದು ಹೆಸರಾಗಿರುವ ಈ ಕುಲದ ಗುಂಗುರು ಪ್ರಬಲ ಗುಣ. ತಂದೆತಾಯಿಗಳಲ್ಲಿ ಒಬ್ಬರಲ್ಲಿದ್ದರೆ ಸಾಕು, ಮರಿಯಲ್ಲಿ ಕಾಣುವುದು. ಸೆಲ್ಕರ್ಕ್ ರೆಕ್ಸ್ ಎಂಬ ಕುಲವೂ ಹಾಗೆಯೇ. 1987ರಲ್ಲಿ ಮಾಂಟಾನಾ ಸಂಸ್ಥಾನದಲ್ಲಿ ಹುಟ್ಟಿದ ಅದರ ಮೂಲ ಹೆಣ್ಣುಬೆಕ್ಕನ್ನು ನೆಟ್ಟಗೂದಲಿನ ಪರ್ಷಿಯನ್ ಗಂಡುಬೆಕ್ಕಿಗೆ ಕೂಡಿಸಲು, ಆರು ಮರಿಗಳಲ್ಲಿ ಮೂರು ಗುಂಗುರಾದುವು. ಸಾಕುವವನಿಗೆ ಪ್ರಬಲ ದೋಷವು ಅಷ್ಟು ಭಯಂಕರವಲ್ಲ. ಕಂಡೊಡನೆ ಆ ಪ್ರಾಣಿಯನ್ನು ಬೀಜಕ್ಕೆ ಬಿಡದಿದ್ದರೆ ಮುಗಿಯಿತು. ಮೋಸಮಾಡುವುದು ದುರ್ಬಲ ದೋಷವೇ.

ಈ ಬೆಕ್ಕುಗಳನ್ನು ತರಿಸಿ ಸಾಕಿರೆಂದು ನಾನು ಹೇಳುವವನಲ್ಲ. ಸಾಧಾರಣ ಬೆಕ್ಕಿಗೆ ಹೊರಗೆ ಒರಟಾದ ಉದ್ದಗೂದಲೂ ಒಳಗೆ ಮೃದುವಾದ ತುಪ್ಪುಳೂ ಇರುವುವು. ಕಾರ್ನಿಷ್ ಬೆಕ್ಕಿಗೆ ಆ ಹೊರಗೂದಲಿಲ್ಲ. ಆದಕಾರಣ ಚಳಿಯನ್ನೂ ಬಿಸಿಲನ್ನೂ ತಡೆಯುವ ಶಕ್ತಿ ಕಡಮೆ. ಕಣಜದ ಇಲಿ ಹಿಡಿಯುವುದಕ್ಕೆ ನಮ್ಮ ನಾಡಬೆಕ್ಕೇ ಸಾಕು. ಕೂದಲು ಕಡಮೆಯಾದುದರಿಂದ ಬೆಕ್ಕು ಒಗ್ಗದವರಿಗೂ ಇದು ಒಗ್ಗುವುದೆಂದು ಹೇಳುವರು; ಒಗ್ಗದಿರುವ ಪದಾರ್ಥವು ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದಲ್ಲಿಯೂ ಇರುವುದರಿಂದ ಆ ಮಾತು ನಿಜವಲ್ಲ.

ಒಂದೆರಡು ಪ್ರಾಣಿಗಳಿಂದಲೇ ಕುಲವನ್ನು ಬೆಳೆಸಿದುದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಹತ್ತಿರದ ನೆಂಟರನ್ನು ಮತ್ತೆ ಮತ್ತೆ ಕೂಡಿಸಿದಾಗ, ಬೇಕಾದ ಗುಣದೊಂದಿಗೆ ಬೇಡವಾದ ಗುಣಗಳೂ ಜೋಡಿಯಾಗುವುವು. ಡೆವನ್ ಕುಲದ ಕೆಲವು ಮರಿಗಳು ಎಳೆಯ ವಯಸ್ಸಿನಲ್ಲಿಯೇ ಕುತ್ತಿಗೆ ಬಾಗಿ, ಸ್ವಲ್ಪ ನಡೆದರೆ ಬಳಲುವುವು. ಇದು ಸ್ನಾಯುಗಳಿಗೆ ಸಂಬಂಧಿಸಿದ ಒಂದು ದುರ್ಬಲ ದೋಷ. ಇದಲ್ಲದೆ ರೆಕ್ಸ್ ಕುಲಗಳಲ್ಲಿ ಬಿ ಗುಂಪಿನ ರಕ್ತವು ಸಾಧಾರಣ ಬೆಕ್ಕುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಣುವುದು. ಬಿ ಗುಂಪಿನ ತಾಯಿಗೆ ಎ ಗುಂಪಿನ ಮರಿ ಹುಟ್ಟಿದರೆ, ಗಿಣ್ಣುಹಾಲು ಕುಡಿದ ಮರಿಯ ರಕ್ತಕಣಗಳು ಒಡೆದು ಮರಿ ಸಾಯಬಹುದು. ಇದನ್ನರಿತ ಇಂಗ್ಲೆಂಡಿನ ಮತ್ತು ಅಮೆರಿಕದ ಪಾಲಕರು ಬೇರೆ ಕುಲದ ನೆಟ್ಟಗೂದಲಿನ ಬೆಕ್ಕುಗಳನ್ನು ಕೂಡಿಸಿ ರಕ್ತವನ್ನು ಹೊಸದುಮಾಡಿಕೊಂಡರು. ಮೊದಲ ತಲೆಯಲ್ಲಿ ಗುಂಗುರು ಪೂರ್ತಿ ಮಾಯವಾಯಿತು. ಎರಡನೆಯ ತಲೆಯಲ್ಲಿ ತಿರುಗಿ ಬಂದಿತು.

ಈಗ ನಮ್ಮ ಕೊಟ್ಟಿಗೆಗೆ ಬರೋಣ. ನಮ್ಮ ಸೀಮೆಯಲ್ಲಿ ಹಾಲಿಗಾಗಿ ಮಿಶ್ರಮಾಡುವ ಹೊಲ್‌ಸ್ಟೀನ್ ಫ್ರೀಸಿಯನ್ ಜಾತಿಯಲ್ಲಿ ಬ್ಲ್ಯಾಡ್ ಎಂಬ ಅಡಗಿರುವ ದೋಷವುಂಟು. ಇದು ಜೋಡಿಯಾದ ಕರುವಿನ ಬಿಳಿಯ ರಕ್ತಕಣಗಳು ಸೋಂಕಿನ ಸ್ಥಳಕ್ಕೆ ಹೋಗಲಾರವು. ಭೇದಿ, ಬಾಯಿಹುಣ್ಣು, ಶ್ವಾಸಕೋಶದ ರೋಗಗಳಿಂದ ಬಹುತೇಕ ಕರುಗಳು ವರ್ಷ ತುಂಬುವುದರೊಳಗೆ ಸಾಯುವುವು. 1952ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಸ್ಬಾರ್ನ್‌ಡೇಲ್ ಐವನ್‌ಹೋ ಎಂಬ ಪ್ರಸಿದ್ಧ ಹೋರಿಯ ಸಂತತಿಯ ಮೂಲಕ ಈ ದೋಷವು ದೇಶದೇಶಗಳಿಗೆ ಹರಡಿತು. ಹೋರಿಯು ನೋಡುವುದಕ್ಕೆ ನಿರ್ದೋಷವಾಗಿತ್ತು. ಹೆಣ್ಣುಸಂತಾನವು ಹೇರಳವಾಗಿ ಹಾಲು ಕೊಡುತ್ತಿತ್ತು.

ಊರಿನ ಬೀಜದ ಹೋರಿಯಲ್ಲಿ ಇಂಥ ಒಂದು ದೋಷವು ಮರೆಯಲ್ಲಿದೆಯೆಂದು ಇಟ್ಟುಕೊಳ್ಳಿ. ಹೊರಗಿನ ಹಸುಗಳಲ್ಲಿ ಅದಿಲ್ಲದಿದ್ದರೆ ಒಂದು ಕರುವೂ ಕೆಡದು. ಆದರೆ ಹೆಣ್ಣುಕರುಗಳಲ್ಲಿ ಅರ್ಧಪಾಲು ಅದನ್ನು ಹೊತ್ತಿರುವುವು. ಅದೇ ಹೋರಿಯನ್ನು ಆ ಹೆಣ್ಣುಕರುಗಳಿಗೇ ಬಿಟ್ಟರೆ ಎಂಟರಲ್ಲಿ ಒಂದು ಕರು ಸರಾಸರಿಗೆ ಕೆಡುವುದು. ದೇವರ ಹೆಸರಿನಲ್ಲಿ ಬಿಟ್ಟ ಬಸವನಾದರೂ ಈ ಲೆಕ್ಕಕ್ಕೆ ಹೊರತಲ್ಲ. ನಾಡಹಸುಗಳಿರುವ ಊರಿನಲ್ಲಿ ಮೂರು ವರ್ಷಗಳಿಗೊಮ್ಮೆಯೂ, ಬೇಗ ಬೆದೆಗೆ ಬರುವ ಮಿಶ್ರತಳಿಗಳಿರುವಲ್ಲಿ ಎರಡು ವರ್ಷಗಳೊಳಗೂ ಹೋರಿಯನ್ನು ಬದಲಾಯಿಸತಕ್ಕದ್ದು. ಕುರಿಮಂದೆಯಲ್ಲಿ ಟಗರನ್ನು ವರ್ಷ ಕಳೆಯುತ್ತಲೇ ಬೇರೆ ಊರಿನ, ನೆಂಟಸ್ತನವಿಲ್ಲದ ಟಗರಿನೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. ಇದಕ್ಕೆ ಖರ್ಚೇನೂ ಇಲ್ಲ. ಕೃತಕ ಗರ್ಭಧಾರಣೆ ಮಾಡಿಸುವವರು ವೀರ್ಯದ ಕಡ್ಡಿಯ ಮೇಲೆ ಅಚ್ಚಾಗಿರುವ ಹೋರಿಯ ನಂಬರನ್ನು, ಹಸುವಿನ ಗುರುತು ಮತ್ತು ತಾರೀಖಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕಡಸು ಬೆದೆಗೆ ಬಂದಾಗ ಆ ಪುಸ್ತಕವನ್ನು ತೆಗೆದು ನೋಡಿ, ಅದರ ತಂದೆಯ ನಂಬರಿನ ಕಡ್ಡಿಯನ್ನು ಹಾಕದಂತೆ ಪಶುವೈದ್ಯರಿಗೆ ಮುಂಚಿತವಾಗಿಯೇ ತಿಳಿಸತಕ್ಕದ್ದು.