ರಾಸ್ಪ್‌ಬೆರಿ ಪೈ ಯಂತ್ರವು ಎಸ್.ಎಸ್.ಡಿ.ಯಿಂದ ಹೊರಡದಿರುವುದಕ್ಕೆ ಕಾರಣಗಳೂ ಪರಿಹಾರಗಳೂ

ಅಂಗೈಯಗಲದ ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರನ್ನು ಅಡಕಮಾಡಿರುವ ರಾಸ್ಪ್‌ಬೆರಿ ಪೈ ಎಂಬ ಯಂತ್ರವು ೨೦೧೨ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದವರಿಂದ ಮೊದಲು ಮಾರಾಟಕ್ಕೆ ಬಂದಿತು. ಇದರ ಬೆಲೆಯೂ ಇದಕ್ಕೆ ಬೇಕಾದ ವಿದ್ಯುತ್ತೂ ಸ್ವಲ್ಪವಾದುದರಿಂದ, ಮಳೆಯ ಅಳತೆ, ಮಣ್ಣಿನ ತೇವ, ಪಂಪುಸೆಟ್ಟು ನಡೆದ ಹೊತ್ತು ಮುಂತಾದವುಗಳನ್ನು ಹಗಲಿರುಳೂ ಬರೆದಿಡುವುದಕ್ಕೆ ಇದು ಅನುಕೂಲವಾದ ಸಾಧನವಾಗಿದೆ. ಆದರೆ ಇದರೊಡನೆ ಸಾಮಾನ್ಯವಾಗಿ ಉಪಯೋಗಿಸುವ ಮೆಮೊರಿ ಕಾರ್ಡು ಎಡೆಬಿಡದ ಬರವಣಿಗೆಯಿಂದ ಸವೆದುಹೋಗುವುದುಂಟು. ಬರೆಯುತ್ತಿರುವಾಗ ವಿದ್ಯುತ್ತು ಹಠಾತ್ತನೆ ನಿಂತರೆ ಕೆಡುವುದೂ ಉಂಟು. ಆದಕಾರಣ ಅನೇಕರು ಕಾರ್ಡನ್ನು ಬಿಟ್ಟು, ಹೆಚ್ಚು ಬಾಳಿಕೆಯುಳ್ಳ ಎಸ್.ಎಸ್.ಡಿ. ಎಂಬ ಸಂಗ್ರಾಹಕವನ್ನು ಜೋಡಿಸುತ್ತಾರೆ. ಹೀಗೆ ಜೋಡಿಸಿದ ಮೇಲೆ ಯಂತ್ರವು ಹೊರಡದಿದ್ದರೆ ಏನು ಮಾಡತಕ್ಕದ್ದೆಂಬುದನ್ನು, ೨೦೧೯ರಲ್ಲಿ ಹೊರಬಂದ ನಾಲ್ಕನೆಯ ಮಾದರಿಯನ್ನು ಮುಖ್ಯವಾಗಿಟ್ಟುಕೊಂಡು, ಇಲ್ಲಿ ವಿವರಿಸಲಾಗಿದೆ.

೧. ಮೊದಲು ಪಾಲಿಸತಕ್ಕ ನಿಯಮ

ಯಂತ್ರವು ಹೊರಡಲಿಲ್ಲವೆಂದು ಸಂಗ್ರಾಹಕವನ್ನು ಅಳಿಸಿ ಹೊಸದಾಗಿ ಬರೆಯುವುದಕ್ಕೆ ಆತುರಪಡಕೂಡದು. ಹೊರಡದಿರುವ ಯಂತ್ರಗಳಲ್ಲಿ ಅನೇಕವೇಳೆ ದೋಷವಿರುವುದು ವಿದ್ಯುತ್ತಿನಲ್ಲಿ ಇಲ್ಲವೆ ತಂತಿಯಲ್ಲಿ. ಸಂಗ್ರಾಹಕದಲ್ಲಿರುವ ಲೆಕ್ಕಗಳು ಸುರಕ್ಷಿತವಾಗಿಯೇ ಇರುತ್ತವೆ. ಅಳಿಸಿದರಾದರೋ ಹಲವು ಹಂಗಾಮುಗಳ ದಾಖಲೆ ಒಂದು ನಿಮಿಷದಲ್ಲಿ ನಾಶವಾಗುವುದು.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಈ ಸಂಗ್ರಾಹಕವನ್ನು ವಿಂಡೋಸ್ ಇರುವ ಕಂಪ್ಯೂಟರಿಗೆ ಜೋಡಿಸಿದರೆ ಅದರ ಮೊದಲನೆಯ ಸಣ್ಣ ಭಾಗ ಮಾತ್ರ ಕಾಣುವುದು. ದಾಖಲೆಗಳಿರುವ ದೊಡ್ಡ ಭಾಗವು ಲಿನಕ್ಸ್ ಪದ್ಧತಿಯದಾದುದರಿಂದ ವಿಂಡೋಸಿಗೆ ಅದನ್ನು ಓದಲು ಬಾರದು. ‘ಇದನ್ನು ಫಾರ್ಮ್ಯಾಟ್ ಮಾಡಬೇಕೆ?’ ಎಂದು ಅದು ಕೇಳುವುದು. ಒಪ್ಪಿಗೆ ಕೊಡಲೇಕೂಡದು. ದಾಖಲೆಗಳನ್ನು ತೆಗೆದಿಟ್ಟುಕೊಳ್ಳಬೇಕಾದರೆ, ಬೇರೊಂದು ಮೆಮೊರಿ ಕಾರ್ಡಿನಿಂದ ಪೈ ಯಂತ್ರವನ್ನೇ ಹೊರಡಿಸಿ, ಆಮೇಲೆ ಸಂಗ್ರಾಹಕವನ್ನು ಜೋಡಿಸಿ, ಪ್ರತಿಮಾಡಿಕೊಳ್ಳುವುದು ಕ್ಷೇಮಕರವಾದ ಮಾರ್ಗ.

೨. ಯಂತ್ರವು ಹೊರಡುವ ಕ್ರಮ

ಬೀಜವು ಮೊಳೆಯುವುದಕ್ಕೆ ತೇವ, ಶಾಖ, ಗಾಳಿ ಎಲ್ಲವೂ ಹೇಗೆ ಬೇಕೋ ಹಾಗೆಯೇ ಈ ಯಂತ್ರವು ಹೊರಡುವುದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು. ಮೊದಲು, ಸಾಕಷ್ಟು ವಿದ್ಯುತ್ತು ದೊರೆಯಬೇಕು. ಎರಡನೆಯದಾಗಿ, ಹಲಗೆಯ ಮೇಲೆಯೇ ಇರುವ ಸಣ್ಣದೊಂದು ಚಿಪ್ಪಿನಲ್ಲಿ ಬರೆದಿಟ್ಟಿರುವ ‘ಬೂಟ್‌ಲೋಡರ್’ ಎಂಬ ಆರಂಭಕ ಪ್ರೋಗ್ರಾಮು ಎಚ್ಚೆತ್ತು, ಕಾರ್ಡು, ಯು.ಎಸ್.ಬಿ. ಮುಂತಾದ ಸ್ಥಾನಗಳನ್ನು ಗೊತ್ತಾದ ಅನುಕ್ರಮದಲ್ಲಿ ಹುಡುಕಬೇಕು. ಮೂರನೆಯದಾಗಿ, ಅಲ್ಲಿ ದೊರೆತ ಲಿನಕ್ಸ್ ವ್ಯವಸ್ಥೆಯು ತನ್ನ ಮೂಲಭಾಗವನ್ನು ಗುರುತಿಸಿ ಓದಬೇಕು.

ಟಿ.ವಿ. ಇಲ್ಲವೆ ಮಾನಿಟರನ್ನು ಜೋಡಿಸಿ ನೋಡಿದರೆ ಯಂತ್ರವು ಯಾವ ಘಟ್ಟದಲ್ಲಿ ನಿಂತಿದೆಯೆಂಬುದು ತಿಳಿಯುವುದು. ಏನೂ ಕಾಣದಿದ್ದರೆ ವಿದ್ಯುತ್ತನ್ನೂ ತಂತಿಗಳನ್ನೂ ಮೊದಲು ಸಂಶಯಿಸತಕ್ಕದ್ದು. ಆರಂಭಕ ಪ್ರೋಗ್ರಾಮಿನ ಬರಹವೇ ನಿಂತು ಮತ್ತೆ ಮತ್ತೆ ಹುಡುಕುತ್ತಿದ್ದರೆ ಸಂಗ್ರಾಹಕವು ಅದಕ್ಕೆ ಸಿಕ್ಕಿಲ್ಲವೆಂದು ತಿಳಿಯಬೇಕು. ಕಾಮನಬಿಲ್ಲಿನ ಬಣ್ಣಗಳ ಚೌಕವು ಮೂಡಿ, ಅಕ್ಷರಗಳು ಹರಿದು, ಆಮೇಲೆ ಸ್ತಬ್ಧವಾದರೆ ದೋಷವು ಮೂರನೆಯ ಘಟ್ಟದ್ದು. ಮಾನಿಟರು ಇಲ್ಲದವರು ಹಸಿರು ದೀಪವನ್ನು ಗಮನಿಸಬಹುದು: ಬಿಟ್ಟು ಬಿಟ್ಟು ೪ ಸಲ ಮಿನುಗಿದರೆ ಆರಂಭಕ್ಕೆ ಬೇಕಾದ ಕಡತವು ಸಿಕ್ಕಿಲ್ಲವೆಂದೂ, ೭ ಸಲ ಮಿನುಗಿದರೆ ಕರ್ನೆಲ್ ಎಂಬ ಮುಖ್ಯ ಕಡತವು ಸಿಕ್ಕಿಲ್ಲವೆಂದೂ ಅರ್ಥ.

೩. ವಿದ್ಯುತ್ತಿನ ಕೊರತೆ

ನಾಲ್ಕನೆಯ ಮಾದರಿಗೆ ೫ ವೋಲ್ಟಿನಲ್ಲಿ ೩ ಆಂಪಿಯರ್ ಕೊಡಬಲ್ಲ ಅಡಾಪ್ಟರು ಬೇಕು. ಮೊಬೈಲು ಫೋನಿನ ಚಾರ್ಜರೂ ಉದ್ದನೆಯ ತೆಳುತಂತಿಯೂ ಇದಕ್ಕೆ ಸಾಲವು. ಇದಲ್ಲದೆ, ನಾಲ್ಕು ಯು.ಎಸ್.ಬಿ. ಕಿಂಡಿಗಳಿಗೂ ಸೇರಿ ಹಲಗೆಯು ಕೊಡುವುದು ಒಟ್ಟು ೧.೨ ಆಂಪಿಯರ್ ಮಾತ್ರ. ಕೆಲವು ಎಸ್.ಎಸ್.ಡಿ.ಗಳು ಹೊರಡುವಾಗಲೂ ಹೆಚ್ಚಾಗಿ ಬರೆಯುವಾಗಲೂ ಇದರ ಬಹುಭಾಗವನ್ನು ತಾವೇ ಎಳೆಯುತ್ತವೆ. ಅದೇ ಹಲಗೆಗೆ ಮೋಡೆಮ್ಮು, ಕ್ಯಾಮರಾ ಮುಂತಾದವುಗಳೂ ಸೇರಿದ್ದರೆ ಯಂತ್ರವು ಒಮ್ಮೆ ಹೊರಟು ಒಮ್ಮೆ ಹೊರಡದಿರುವುದು.

ವೋಲ್ಟೇಜು ಸುಮಾರು ೪.೬೩ಕ್ಕಿಂತ ಕೆಳಗಿಳಿದರೆ ಪರದೆಯ ಮೇಲೆ ಮಿಂಚಿನ ಗುರುತು ಮೂಡುವುದು. ಇದನ್ನು ಕಂಡವರು ಮಿಕ್ಕ ಪರೀಕ್ಷೆಗಳಿಗೆ ಹೋಗುವ ಮುನ್ನ ಒಳ್ಳೆಯ ಅಡಾಪ್ಟರನ್ನೂ ಗಿಡ್ಡ ತಂತಿಯನ್ನೂ ಹಾಕಿ ನೋಡತಕ್ಕದ್ದು. ಸಂಗ್ರಾಹಕವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಕಳಚಿದಾಗ ಯಂತ್ರವು ಹೊರಟರೆ, ಪ್ರತ್ಯೇಕ ವಿದ್ಯುತ್ತುಳ್ಳ ಯು.ಎಸ್.ಬಿ. ಹಬ್ಬಿನ ಮೂಲಕ ಸಂಗ್ರಾಹಕವನ್ನು ಜೋಡಿಸುವುದು ಸರಿಯಾದ ಪರಿಹಾರ.

೪. ಆರಂಭಕ ಪ್ರೋಗ್ರಾಮು ಹಳೆಯದಾಗಿರುವುದು

ನಾಲ್ಕನೆಯ ಮಾದರಿಯು ಮೊದಲು ಮಾರಾಟವಾದಾಗ ಅದಕ್ಕೆ ಯು.ಎಸ್.ಬಿ.ಯಿಂದ ಹೊರಡುವ ಶಕ್ತಿ ಇರಲಿಲ್ಲ. ೨೦೨೦ರಲ್ಲಿ ಆರಂಭಕ ಪ್ರೋಗ್ರಾಮನ್ನು ತಿದ್ದಿ ಈ ಶಕ್ತಿಯನ್ನು ಒದಗಿಸಲಾಯಿತು. ಆದುದರಿಂದ ಅದಕ್ಕೆ ಹಿಂದೆ ಕೊಂಡ ಹಲಗೆಗಳಿಗೆ ಹೊಸ ಪ್ರೋಗ್ರಾಮನ್ನು ತುಂಬಬೇಕು. ಕ್ರಮ ಹೀಗೆ: ಬೇರೊಂದು ಕಂಪ್ಯೂಟರಿನಲ್ಲಿ ‘ರಾಸ್ಪ್‌ಬೆರಿ ಪೈ ಇಮೇಜರ್’ ಎಂಬುದನ್ನು ತೆರೆದು, ಅದರೊಳಗಿನ ಬೂಟ್‌ಲೋಡರ್ ವಿಭಾಗದಲ್ಲಿ ‘ಯು.ಎಸ್.ಬಿ. ಬೂಟ್’ ಎಂಬುದನ್ನು ಆರಿಸಿ, ಉಪಯೋಗದಲ್ಲಿಲ್ಲದ ಒಂದು ಕಾರ್ಡಿಗೆ ಬರೆಯಬೇಕು. ಆ ಕಾರ್ಡಿನಲ್ಲಿದ್ದುದೆಲ್ಲವೂ ಅಳಿಯುವುದೆಂಬುದನ್ನು ಮರೆಯಕೂಡದು, ಬರೆಯುವಾಗ ಎಸ್.ಎಸ್.ಡಿ.ಯನ್ನು ಆ ಕಂಪ್ಯೂಟರಿನಿಂದ ದೂರವಿಟ್ಟಿರಬೇಕು. ಈ ಕಾರ್ಡನ್ನು ಪೈಗೆ ಹಾಕಿ ವಿದ್ಯುತ್ತು ಕೊಟ್ಟರೆ, ಕೆಲಸವು ಮುಗಿದಾಗ ಪರದೆಯು ಪೂರ್ಣ ಹಸಿರಾಗಿ, ದೀಪವು ಒಂದೇ ಸಮನೆ ಬೇಗ ಬೇಗ ಮಿನುಗುವುದು. ಆಗ ವಿದ್ಯುತ್ತನ್ನು ತೆಗೆದು, ಕಾರ್ಡನ್ನು ಕಳಚಿ, ಸಂಗ್ರಾಹಕದಿಂದ ಹೊರಡಿಸಿ ನೋಡತಕ್ಕದ್ದು.

೫. ಸೇರಿಕೆಯ ತಂತಿಯ ದೋಷ

ಎಸ್.ಎಸ್.ಡಿ.ಯನ್ನು ಯು.ಎಸ್.ಬಿ.ಗೆ ಸೇರಿಸುವ ತಂತಿಯಲ್ಲಿ ಸಣ್ಣದೊಂದು ಚಿಪ್ಪಿರುವುದು. ಕೆಲವು ಚಿಪ್ಪುಗಳು ಯು.ಎ.ಎಸ್. ಎಂಬ ಶೀಘ್ರಪದ್ಧತಿಯಲ್ಲಿ ಲಿನಕ್ಸಿನೊಡನೆ ಹೊಂದಿಕೊಳ್ಳುವುದಿಲ್ಲ. ಯಂತ್ರವು ಅರ್ಧ ಹೊರಟು ನಿಲ್ಲುವುದು, ಬಹಳ ಹೊತ್ತು ಸ್ತಬ್ಧವಾಗಿದ್ದು ಮತ್ತೆ ಚಲಿಸುವುದು, ಇವು ಇದರ ಲಕ್ಷಣಗಳು. ನೀಲಿ ಕಿಂಡಿಯಿಂದ ತೆಗೆದು ಕಪ್ಪು ಕಿಂಡಿಗೆ ಹಾಕಿದಾಗ ಯಂತ್ರವು ಸರಿಯಾಗಿ ನಡೆದರೆ ಈ ತಂತಿಯ ಮೇಲೆ ಬಲವಾದ ಸಂಶಯಪಡಬಹುದು.

ಪೈ ಯಂತ್ರದಲ್ಲಿ ಚೆನ್ನಾಗಿ ನಡೆಯುವುದೆಂದು ಗೊತ್ತಾಗಿರುವ ಬೇರೊಂದು ತಂತಿಯನ್ನು ಕೊಳ್ಳುವುದೇ ಉತ್ತಮ. ತತ್ಕಾಲಕ್ಕೆ ಶೀಘ್ರಪದ್ಧತಿಯನ್ನು ನಿಲ್ಲಿಸಲೂಬಹುದು. ಸಂಗ್ರಾಹಕದ ಮೊದಲನೆಯ ಸಣ್ಣ ಭಾಗದಲ್ಲಿ ‘ಸಿಎಂಡಿಲೈನ್’ ಎಂಬ ಕಡತವಿದೆ. ಅದರಲ್ಲಿರುವ ಒಂದೇ ಸಾಲಿನ ಆದಿಯಲ್ಲಿ, ‘ಯುಎಸ್‌ಬಿ-ಸ್ಟೋರೇಜ್.ಕ್ವರ್ಕ್ಸ್’ ಎಂದು ಬರೆದು, ಸಮಚಿಹ್ನೆ ಹಾಕಿ, ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯು ತೋರಿಸುವ ತಂತಿಯ ಗುರುತಿನ ಸಂಖ್ಯೆಯನ್ನೂ, ಅದರ ಮುಂದೆ ಎರಡು ಚುಕ್ಕೆಯನ್ನೂ ‘ಯು’ ಅಕ್ಷರವನ್ನೂ ಸೇರಿಸಿ, ಒಂದು ತೆರಪು ಬಿಡಬೇಕು. ಇವೆಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯತಕ್ಕದ್ದು. ಸಾಲನ್ನು ಎರಡಾಗಿ ಒಡೆಯಕೂಡದು. ಇದರಿಂದ ವೇಗವು ಕೊಂಚ ಕಡಿಮೆಯಾದರೂ ಭದ್ರತೆ ದೊರೆಯುವುದು.

೬. ಹೊರಟಂತೆ ತೋರುವ ಭ್ರಮೆ

ಇದು ಎಲ್ಲಕ್ಕಿಂತ ಅಪಾಯಕರವಾದುದು. ಕಾರ್ಡಿನಲ್ಲಿದ್ದುದನ್ನೆಲ್ಲ ಎಸ್.ಎಸ್.ಡಿ.ಗೆ ಪ್ರತಿಮಾಡಿ, ಕಾರ್ಡನ್ನು ಕಿಂಡಿಯಲ್ಲಿಯೇ ಬಿಟ್ಟರೆ, ಸಾಮಾನ್ಯ ಅನುಕ್ರಮದಲ್ಲಿ ಕಾರ್ಡೇ ಮೊದಲಿನದಾದುದರಿಂದ ಯಂತ್ರವು ಕಾರ್ಡಿನಿಂದಲೇ ಹೊರಡುವುದು. ಎರಡು ಪ್ರತಿಗಳಿಗೂ ಒಂದೇ ಗುರುತಿನ ಸಂಖ್ಯೆಯಿದ್ದರೆ ಲಿನಕ್ಸಿಗೂ ಗೊಂದಲವಾಗುವುದು. ಯಜಮಾನನು ದಾಖಲೆಯೆಲ್ಲವೂ ಹೊಸ ಸಂಗ್ರಾಹಕದಲ್ಲಿದೆಯೆಂದು ನಂಬಿರುವಾಗ, ಸವೆಯುತ್ತಿರುವ ಹಳೆಯ ಕಾರ್ಡೇ ಅದನ್ನು ಹೊತ್ತಿರಬಹುದು. ಪರೀಕ್ಷೆ ಸುಲಭ: ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಕಾರ್ಡನ್ನು ತೆಗೆದು, ಪುನಃ ಹೊರಡಿಸಬೇಕು. ಹೊರಟರೆ ಕೆಲಸ ಸಿದ್ಧಿಸಿತು. ಆಮೇಲೆ ಕಾರ್ಡನ್ನು ಬೇರೆಯಾಗಿ ಜೋಪಾನಮಾಡಬೇಕು.

೭. ಐದನೆಯ ಮಾದರಿಯ ವಿಶೇಷಗಳು

೨೦೨೩ರಲ್ಲಿ ಬಂದ ಐದನೆಯ ಮಾದರಿಗೆ ೫ ಆಂಪಿಯರಿನ ಅಡಾಪ್ಟರು ಬೇಕು. ೩ ಆಂಪಿಯರಿನದನ್ನು ಹಾಕಿದರೆ ಯು.ಎಸ್.ಬಿ.ಗೆ ಒಟ್ಟು ೦.೬ ಆಂಪಿಯರ್ ಮಾತ್ರ ದೊರೆಯುವುದಲ್ಲದೆ, ಯು.ಎಸ್.ಬಿ.ಯಿಂದ ಹೊರಡುವುದಕ್ಕೆ ಆರಂಭಕ ಪ್ರೋಗ್ರಾಮೇ ತಡೆಯೊಡ್ಡುವುದು. ಈ ಮಾದರಿಗೆ ಎನ್.ವಿ.ಎಂ.ಇ. ಜಾತಿಯ ಸಂಗ್ರಾಹಕವನ್ನು ಚಪ್ಪಟೆ ಪಟ್ಟಿಯ ಮೂಲಕ ನೇರವಾಗಿ ಸೇರಿಸಬಹುದು. ಅದೇ ಆಕಾರದ ಸಾಟಾ ಜಾತಿಯದು ಅಲ್ಲಿ ನಡೆಯದು, ಕೊಳ್ಳುವಾಗಲೇ ವಿಚಾರಿಸಿಕೊಳ್ಳಬೇಕು. ಪಟ್ಟಿಯು ತಿರುವುಮುರುವಾಗಿದ್ದರೂ ಪೂರ್ತಿ ಕೂರದಿದ್ದರೂ ಸಂಗ್ರಾಹಕವು ಕಾಣಿಸುವುದಿಲ್ಲ.

ಸಾರಾಂಶ

ಪರೀಕ್ಷೆಯನ್ನು ವಿದ್ಯುತ್ತು, ಆರಂಭಕ ಪ್ರೋಗ್ರಾಮು, ಸೇರಿಕೆಯ ತಂತಿ, ಸಂಗ್ರಾಹಕದ ಬರಹ ಎಂಬ ಕ್ರಮದಲ್ಲಿಯೇ ನಡೆಸಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಫಲವನ್ನು ಬರೆದಿಟ್ಟುಕೊಳ್ಳಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದುದು ಯಾವುದರಿಂದಲೆಂದು ತಿಳಿಯದು. ವಿದ್ಯುತ್ತು ಆಗಾಗ ನಿಲ್ಲುವ ಕಡೆಗಳಲ್ಲಿ ಯಂತ್ರಕ್ಕೆ ಬ್ಯಾಟರಿಯ ಆಸರೆ ಅಗತ್ಯ. ಎಸ್.ಎಸ್.ಡಿ.ಯೂ ಒಂದು ದಿನ ಕೆಡತಕ್ಕದ್ದೇ. ಬಿತ್ತನೆಯ ಬೀಜವನ್ನು ಒಂದೇ ಕಣಜದಲ್ಲಿಡದ ವಿವೇಕಿಗಳು ದಾಖಲೆಯ ಪ್ರತಿಯೊಂದನ್ನು ತಿಂಗಳಿಗೊಮ್ಮೆ ಬೇರೆಡೆ ತೆಗೆದಿಡುವುದನ್ನು ರೂಢಿಮಾಡಿಕೊಳ್ಳತಕ್ಕದ್ದು.